ಒಂದು ನಿಮಿಷ ಹನ್ನೆರಡು ಸೆಕೆಂಡ್

"ಇನ್ನೊಂದ್ ಸಲ ಮಾಡೇ ಟೇಪು, ಒಂದೇ ಒಂದ್ ಸಲ," ಎಂದು ಚಶ್ಮಾ ಗೋಗರೆದಳು. ನಕ್ಕು ನಕ್ಕು ಅವಳ ಕನ್ನಡಕ ಮೂಗಿನ ತುದಿಗೆ ಜಾರಿತ್ತು.

ಟೇಪು ಮತ್ತೆ ಬೆಂಚಿನ ತುದಿಯಲ್ಲಿ ಕುಳಿತಳು. ಎರಡು ಪೆನ್ಸಿಲ್ ಹಿಡಿದು ಗಾಳಿಗೆ ಬಾರಿಸತೊಡಗಿದಳು. ಕತ್ತು ಕೋಳಿಯ ಹಾಗೆ ಹಿಂದೆ ಮುಂದೆ ಹೋಯಿತು. ಇಲ್ಲದ ಉದ್ದ ಕೂದಲನ್ನು ಮುಖದಿಂದ ಹಿಂದಕ್ಕೆ ಎಸೆದಳು. ಆಮೇಲೆ ಕಣ್ಣು ಅಗಲಿಸಿ, ಉರುಳಿ ಹೋಗುತ್ತಿರುವ ಡ್ರಮ್ಮನ್ನು ಹಿಡಿಯಲು ಕೈ ಚಾಚಿ, ದೊಪ್ಪೆಂದು ನೆಲಕ್ಕೆ ಬಿದ್ದಳು. ಥೇಟ್ ಕಪ್ಪೆ.

ಬಿದ್ದವಳು ಟೇಪು ಒಬ್ಬಳೇ. ಬಿದ್ದು ಬಿದ್ದು ನಕ್ಕಿದ್ದು ಮಾತ್ರ ಇಡೀ ಕ್ಲಾಸು.

ಯಾರ ಮಾತು ಕೇಳಿದರೂ ಟೇಪ್ ರೆಕಾರ್ಡರ್ ಹಾಗೆ ತಿರುಗಿ ಒಪ್ಪಿಸುತ್ತಾಳೆಂದು ಅಪ್ಪ ಅವಳಿಗೆ ಆ ಹೆಸರಿಟ್ಟಿದ್ದರು. ಹೆಡ್ ಮಿಸ್ಸಿನ ಕೆಮ್ಮು, ಬಸ್ ಕಂಡಕ್ಟರ್ ಸೀಟಿ, ಚಶ್ಮಾಳ ಅಜ್ಜಿಯ ಗೊರಕೆ, ಎಲ್ಲವೂ ಅವಳ ಗಂಟಲಲ್ಲಿ ಬಾಡಿಗೆಗೆ ಇದ್ದವು.

ಕ್ಲಾಸಿನಲ್ಲಿ ಆಗ ಒಂದು ಆಟ ಶುರುವಾಗಿತ್ತು. ಯಾರೂ ನೋಡಿರದ ರಾಕ್ ಹಾಡಿನ ವಿಡಿಯೋ ಹುಡುಕಬೇಕು. ನೂರಕ್ಕಿಂತ ಕಡಿಮೆ ವ್ಯೂಸ್ ಇರಬೇಕು, ಒಮ್ಮೆ ನೋಡಿದರೆ ಮರೆಯಬಾರದು. ಚಶ್ಮಾ ಹುಡುಕಿದ ವಿಡಿಯೋದಲ್ಲಿ ಗಿಟಾರ್ ನುಡಿಸುವವನ ಹೆಗಲ ಮೇಲೆ ಕೋಳಿ ಕುಳಿತಿತ್ತು. ಇನ್ನೊಬ್ಬ ತಂದದ್ದರಲ್ಲಿ ಐದು ಜನ ಲಿಫ್ಟಿನೊಳಗೆ ಸಿಕ್ಕಿಕೊಂಡೇ ಹಾಡುತ್ತಿದ್ದರು.

ಗೆದ್ದಿದ್ದು ಟೇಪು. ಅವಳಿಗೆ ಸಿಕ್ಕಿದ್ದು 'ಕರಿಗುಡುಗು' ಎಂಬ ಬ್ಯಾಂಡಿನ ಹಳೇ ವಿಡಿಯೋ. ಯಾರೋ ಅದನ್ನು ಅಪ್‌ಲೋಡ್ ಮಾಡಿ ಒಂಬತ್ತು ವರ್ಷವಾಗಿದ್ದರೂ ಬರೀ ಅರವತ್ತೊಂದು ಜನ ನೋಡಿದ್ದರು. ಸರಿಯಾಗಿ ಒಂದು ನಿಮಿಷ ಹನ್ನೆರಡನೇ ಸೆಕೆಂಡಿಗೆ ದೊಡ್ಡ ಡ್ರಮ್ಮು ಉರುಳಿ ಸ್ಟೇಜಿನಿಂದ ಕೆಳಗೆ ಹೋಗುತ್ತಿತ್ತು. ಹಿಂದೆಯೇ ಡ್ರಮ್ಮರ್ ಮುಗ್ಗರಿಸಿ ಬೀಳುತ್ತಿದ್ದ.

ಟೇಪು ಅದರ ಕೆಳಗೆ ಮೊದಲ ಕಾಮೆಂಟ್ ಬರೆದಿದ್ದಳು: "ಇವನ ತಾಳ ತಾಳಲಾರದೆ ಡ್ರಮ್ಮೇ ಓಡಿಹೋಯ್ತು." ಲಿಂಕ್ ಒಂದು ಮನೆಯಿಂದ ಇನ್ನೊಂದು ಮನೆಗೆ, ಒಂದು ಸ್ಕೂಲಿನಿಂದ ಇನ್ನೊಂದು ಸ್ಕೂಲಿಗೆ ಹೋಯಿತು. ಎರಡೇ ವಾರದಲ್ಲಿ ವ್ಯೂಸ್ ಎರಡು ಸಾವಿರ ದಾಟಿತು. ಅವಳ ಕಾಮೆಂಟಿಗೆ ನೂರ ಎಂಬತ್ಮೂರು ಲೈಕು.

ಶನಿವಾರ ಮಧ್ಯಾಹ್ನ ಅಮ್ಮ ಅವಳ ಕೈಗೆ ಯೂನಿಫಾರ್ಮ್ ಸ್ಕರ್ಟ್ ಕೊಟ್ಟಳು. "ಕೆಳಗೆ ಟೈಲರ್ ಮಾಮನಿಗೆ ಕೊಟ್ಟು ಬಾ. ಅಂಚು ಬಿಚ್ಚಿ ಎರಡು ಇಂಚು ಉದ್ದ ಮಾಡೋಕೆ ಹೇಳು. ನನ್ನ ಫೋನ್ ಇಲ್ಲೇ ಇಟ್ಟು ಹೋಗು."

ಟೇಪು ಮೊದಲಿನದನ್ನೆಲ್ಲ ಕೇಳಿಸಿಕೊಂಡಳು. ಕೊನೆಯ ಮಾತು ಕೇಳಿಸುವಷ್ಟರಲ್ಲಿ ಎಂಟು ಮೆಟ್ಟಿಲು ಇಳಿದಾಗಿತ್ತು. ಕಣ್ಣು ವ್ಯೂಸ್ ಮೇಲೇ ಇತ್ತು.

ಅಂಗಡಿಯಲ್ಲಿ ಹೊಲಿಗೆ ಮೆಷಿನ್ ಓಡುತ್ತಿತ್ತು. ಟೈಲರ್ ಮಾಮನ ಬೋಳು ತಲೆ ಬಟ್ಟೆಯ ಮೇಲೆ ಬಗ್ಗಿತ್ತು. ಕಿವಿಯ ಹಿಂದೆ ಸೀಮೆಸುಣ್ಣ, ಕೊರಳಲ್ಲಿ ಅಳತೆ ಟೇಪು.

"ಬಂತಾ ಮಾತಾಡೋ ಟೇಪು? ನನ್ನ ಟೇಪು ಮೂಗಿ, ಬರೀ ಅಳೆಯುತ್ತೆ," ಎಂದು ಅವರು ಮೆಷಿನ್ ನಿಲ್ಲಿಸಿ ಸ್ಕರ್ಟ್ ಇಸಿದುಕೊಂಡರು. "ಫೋನ್ ತಂದಿದೀಯಾ? ಒಳ್ಳೇದಾಯ್ತು ಮರಿ. ನಂದು ಬಟನ್ ಫೋನು, ಅದ್ರಲ್ಲಿ ಏನೂ ಕಾಣಲ್ಲ. ಒಂದು ವಿಡಿಯೋ ಹುಡುಕಿ ಕೊಡ್ತೀಯಾ? ಮಗಳು ಫೋನ್ ಮಾಡಿದ್ಲು. 'ಅಪ್ಪಾ, ನಿಮ್ಮ ಬ್ಯಾಂಡಿನ ವಿಡಿಯೋನ ಎರಡು ಸಾವಿರ ಜನ ನೋಡಿದಾರೆ' ಅಂದ್ಲು. ಏನು ಬರೆದಿದಾರೆ ಅಂತ ಕೇಳಿದ್ರೆ, 'ಆಮೇಲೆ ಹೇಳ್ತೀನಿ, ಕೆಲಸ ಇದೆ' ಅಂದ್ಬಿಟ್ಲು."

"ಯಾವ ಬ್ಯಾಂಡು ಮಾಮ?"

"ಕರಿಗುಡುಗು ಅಂತ. ನಾನು ಡ್ರಮ್ಮು."

ಟೇಪುವಿನ ಕೈಯಲ್ಲಿದ್ದ ಫೋನಿನಲ್ಲಿ ಅದೇ ಹೆಸರಿತ್ತು. ಅವಳು ತೆರೆಯ ಮೇಲಿನ ಹುಡುಗನನ್ನು ನೋಡಿದಳು. ಹೆಗಲವರೆಗೆ ಕೂದಲು. ಕೂದಲ ನಡುವಿನಿಂದ ಇಣುಕುವ ಎರಡು ಅಗಲ ಕಿವಿ. ಒಂದರ ಹಿಂದೆ ಈಗ ಸೀಮೆಸುಣ್ಣವಿತ್ತು.

"ಸಿಕ್ತಾ?"

"ಹೂಂ."

"ಹಾಡು ಆಮೇಲೆ. ಮೊದಲು ಜನ ಏನಂದ್ರು ಓದು."

ಟೇಪು ಕಾಮೆಂಟುಗಳನ್ನು ತೆರೆದಳು. ಸಾಲಾಗಿ ನಿಂತಿದ್ದವು: ಕಪ್ಪೆರಾಯ. ಮಂಗನ ಕೈಗೆ ಕೋಲು ಕೊಟ್ಟೋರು ಯಾರು. ಎಲ್ಲದರ ತಲೆಯ ಮೇಲೆ ಅವಳದೇ.

ಅವಳು ಗಂಟಲು ಸರಿಮಾಡಿಕೊಂಡಳು. "ಒಬ್ಬರು ಅಂಕಲ್ ಬರೆದಿದಾರೆ," ಎಂದು ದಪ್ಪ ದನಿ ತೆಗೆದಳು. "ಭೇಷ್. ಇಂಥಾ ಡ್ರಮ್ಮು ಈಗಿನ ಹುಡುಗರಿಂದ ಆಗಲ್ಲ ಬಿಡಿ."

ಟೈಲರ್ ಮಾಮನ ಮುಖ ಅರಳಿತು. "ಹೌದಾ? ಇನ್ನೊಂದು?"

"ಒಬ್ಬರು ಅಜ್ಜಿ." ಚಶ್ಮಾಳ ಅಜ್ಜಿಯ ನಡುಗುವ ದನಿ ಬಂತು. "ಏನಪ್ಪಾ ಮಗನೇ, ನನ್ನ ಮೊಣಕಾಲು ನೋವೂ ಎದ್ದು ಕುಣೀತು."

ಅವರು ಕೈ ತಟ್ಟಿ ನಕ್ಕರು. ಟೇಪು ಒಂದರ ಹಿಂದೊಂದು ದನಿ ತೆಗೆದಳು. ಎಂದೂ ಇಷ್ಟು ಚೆನ್ನಾಗಿ ಬಂದಿರಲಿಲ್ಲ. ಆದರೆ ಒಮ್ಮೆಯೂ ಅವರ ಮುಖ ನೋಡಲಿಲ್ಲ.

ಅವರು ಬಿಲ್ ಪುಸ್ತಕದಿಂದ ಒಂದು ಹಾಳೆ ಹರಿದರು. "ಇದರಲ್ಲಿ ಎಲ್ಲಾನೂ ಬರೆದುಕೊಡು ಮರಿ, ದುಂಡಗೆ. ನಾಳೆ ನಮ್ಮ ಗಿಟಾರ್‌ನೋನು, ಹಾಡ್ತಿದ್ದ ಅಕ್ಕ, ಇಬ್ಬರೂ ಬರ್ತಿದಾರೆ. ಅವನು ಈಗ ಬ್ರೆಡ್ ಮಾಡ್ತಾನೆ, ಆಕೆ ನರ್ಸು. ಮೂರೂ ಜನ ಸೇರಿ ಹದಿನಾಲ್ಕು ವರ್ಷ ಆಯ್ತು. ಅವರ ಮುಂದೆ ನಾನೇ ಓದ್ತೀನಿ."

ಟೇಪು ಪೆನ್ನು ಹಿಡಿದಳು. 'ಭೇಷ್' ಎಂದು ಬರೆದಳು. ಮುಂದಕ್ಕೆ ಕೈ ಓಡಲಿಲ್ಲ. ನಾಳೆ ಇವರು ಈ ಹಾಳೆ ಹಿಡಿದು ಓದುವುದು, ಬ್ರೆಡ್ ಮಾಡುವವರು ತಮ್ಮ ಫೋನ್ ತೆಗೆಯುವುದು, ಎಲ್ಲ ಕಣ್ಣಿಗೆ ಕಟ್ಟಿತು.

"ಮಾಮ," ಎಂದಳು. ಯಾರ ದನಿಯೂ ಅಲ್ಲ, ಅವಳದೇ ದನಿ, ಸಣ್ಣಗೆ ಬಂತು. "ಇದ್ಯಾವುದೂ ಅಲ್ಲಿಲ್ಲ. ನಾನೇ ಕಟ್ಟಿದ್ದು."

"ಮತ್ತೆ ಏನಿದೆ?"

ಅವಳು ಮೊದಲನೆಯದನ್ನು ಓದಿದಳು. ಕ್ಲಾಸಿನಲ್ಲಿ ಎಷ್ಟು ನಗು ಬರಿಸಿದ್ದ ಮಾತು. ಇಲ್ಲಿ ಅದು ನೆಲಕ್ಕೆ ಬಿದ್ದ ಗುಂಡಿಯ ಹಾಗೆ ಉರುಳಿ ಹೋಗಿ ಎಲ್ಲೋ ನಿಂತಿತು.

"ಯಾರು ಬರೆದಿದ್ದು?"

"ನಾನು. ಅದು ನೀವು ಅಂತ ಗೊತ್ತಿರಲಿಲ್ಲ." ಆ ಮಾತು ಬಾಯಿಂದ ಬಿದ್ದ ಮೇಲೆ, ಬೇರೆ ಯಾರಾದರೂ ಆಗಿದ್ದರೆ ಪರವಾಗಿರಲಿಲ್ಲವೇ ಎಂದು ಅವಳಿಗೇ ಅನ್ನಿಸಿತು. "ಕ್ಲಾಸಲ್ಲಿ ದಿನಾ ನಿಮ್ಮ ಥರ ಬಿದ್ದು ತೋರಿಸ್ತೀನಿ."

ಟೈಲರ್ ಮಾಮ ಸ್ಕರ್ಟಿನ ಅಂಚನ್ನು ಬೆರಳಲ್ಲಿ ತಿಕ್ಕುತ್ತ ಕುಳಿತರು. "ಎಲ್ಲಿ, ಮಾಡು," ಎಂದರು.

"ಬೇಡ ಮಾಮ."

"ಅಷ್ಟು ಜನರ ಎದುರು ಮಾಡಿದೀಯ. ನಾನೊಬ್ಬ ನೋಡಬಾರದಾ?"

ಟೇಪು ಸ್ಟೂಲಿನ ಮೇಲೆ ಕುಳಿತಳು. ಕೈ ಎತ್ತಿದಳು. ಕತ್ತು ಅಲ್ಲಾಡಿಸಿದಳು. ಕೋಳಿಯೂ ಬರಲಿಲ್ಲ, ಕಪ್ಪೆಯೂ ಬರಲಿಲ್ಲ. ಸುಮ್ಮನೆ ಜಾರಿ ನೆಲದ ಮೇಲೆ, ಬಟ್ಟೆಯ ಚೂರುಗಳ ನಡುವೆ ಕುಳಿತಳು.

"ಆಮೇಲೆ?" ಎಂದರು ಅವರು.

"ಆಮೇಲೆ ಏನು?"

"ಬಿದ್ದೆ ಸರಿ. ಬಿದ್ದ ಮೇಲೆ ಏನು ಮಾಡಿದೆ?"

ಟೇಪುವಿಗೆ ಗೊತ್ತಿರಲಿಲ್ಲ. ಪ್ರತಿ ಸಲವೂ ಅವಳು ಅಲ್ಲಿಗೇ ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ಬೀಳಿಸುತ್ತಿದ್ದಳು.

ಅವಳು ವಿಡಿಯೋ ಹಾಕಿದಳು. ಡ್ರಮ್ಮು ಉರುಳಿತು. ಹುಡುಗ ಬಿದ್ದ. ಈ ಸಲ ಅವಳ ಬೆರಳು ಸುಮ್ಮನಿತ್ತು.

ಬಿದ್ದ ಹುಡುಗ ಏಳಲಿಲ್ಲ. ಮಂಡಿಯೂರಿ, ಎರಡೂ ಕೋಲಿನಿಂದ ಸ್ಟೇಜಿನ ಹಲಗೆಗೇ ಬಾರಿಸತೊಡಗಿದ. ಹಾಡುತ್ತಿದ್ದವಳು ತಿರುಗಿ ನೋಡಿದಳು, ಹಾಡು ನಿಲ್ಲಿಸಲಿಲ್ಲ. ಗಿಟಾರಿನವನು ಅವನ ಪಕ್ಕಕ್ಕೆ ಬಂದು ಕುಕ್ಕರಗಾಲಲ್ಲಿ ಕುಳಿತ. ಒಂದು ಕೋಲು ಮುರಿಯಿತು. ಹುಡುಗ ಅಂಗೈಯಲ್ಲಿ ಬಾರಿಸಿದ. ಹಾಡು ಇನ್ನೂ ಎರಡೂವರೆ ನಿಮಿಷ ಓಡಿತು, ಒಂದು ಪೆಟ್ಟೂ ತಪ್ಪದೆ.

ಟೈಲರ್ ಮಾಮನ ಬೆರಳು ಮೇಜಿನ ಮೇಲೆ ಅದರ ಜೊತೆಗೇ ಓಡುತ್ತಿತ್ತು. ಟೇಪು ಅವರ ಮುಖ, ಕತ್ತು, ಕೂದಲು ಎಲ್ಲವನ್ನೂ ಕದ್ದಿದ್ದಳು. ಕೈಗಳನ್ನು ಮಾತ್ರ ಇವತ್ತೇ ನೋಡುತ್ತಿದ್ದಳು.

ಹಾಡು ಮುಗಿಯಿತು. "ಪರವಾಗಿಲ್ಲ ಬಿಡು" ಎಂದು ಅವರು ಹೇಳಿಯಾರು ಎಂದು ಅವಳು ಕಾದಳು. ಅವರು ಹೇಳಲಿಲ್ಲ. ಸ್ಕರ್ಟನ್ನು ಮೆಷಿನ್ ಮೇಲೆ ಹರಡಿದರು.

"ಎಷ್ಟು ಜನ ನೋಡಿದಾರೆ, ಎರಡು ಸಾವಿರನಾ?"

"ಎರಡು ಸಾವಿರದ ಮುನ್ನೂರ ನಲವತ್ತು."

"ಅದ್ರಲ್ಲಿ ಕೊನೇವರೆಗೂ ನೋಡಿದೋರು ಎಷ್ಟು ಜನ ಇರಬಹುದು?"

ಟೇಪು ಫೋನ್ ನೋಡಿದಳು. ಅದನ್ನು ಫೋನ್ ಹೇಳುತ್ತಿರಲಿಲ್ಲ.

"ನಂಗೊತ್ತಿರೋದು ಒಬ್ಬಳು, ಮಾಮ," ಎಂದಳು. "ಅವಳೂ ಇವತ್ತೇ ನೋಡಿದ್ದು."