ಓದುವ ಸ್ಟೂಲು

“ಮುಟ್ಟಬೇಡ ಅಂದೆನಲ್ಲ!”

ಮೆಣಸಿ ಪಟ್ಟನೆ ರಬ್ಬರಮ್ಮನ ಕೈ ತಳ್ಳಿದಳು. ಪಾಪ, ರಬ್ಬರಮ್ಮ ಕೀಬೋರ್ಡ್ ಮುಟ್ಟಲು ಹೋಗಿರಲೇ ಇಲ್ಲ. ಪರದೆಯ ಮೇಲಿನ ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಲು ಹೋಗಿದ್ದಳು, ಅಷ್ಟೇ.

“ನಾನು ಬರೀ ತೋರಿಸ್ತಿದ್ದೆ ಕಣೇ...”

“ತೋರಿಸೋದೂ ಬೇಡ.”

ಮೆಣಸಿ ಮತ್ತೆ ಎಂಟರ್ ಒತ್ತಿದಳು. ನಾಲ್ಕಾರು ಸಾಲುಗಳು ಸರಸರನೆ ಬಂದವು, ಗಕ್ಕನೆ ನಿಂತವು. ಆಗಿನಿಂದ ಇದೇ ಗೋಳು.

ಇಬ್ಬರೂ ಕೂತಿದ್ದು ಮೆಣಸಿಯ ಚಿಕ್ಕಮ್ಮನ ರಿಪೇರಿ ಅಂಗಡಿಯಲ್ಲಿ. ಸುತ್ತಲೂ ಬಿಚ್ಚಿಟ್ಟ ರೇಡಿಯೋಗಳು, ರೆಕ್ಕೆಯಿಲ್ಲದ ಫ್ಯಾನುಗಳು, ವೈರುಗಳ ಗೋಜಲು. ಮೂಲೆಯ ಮೇಜಿನ ಮೇಲೆ ಒಂದು ಮುದಿ ಕಂಪ್ಯೂಟರ್. ಅದನ್ನು ಸ್ಕೂಲಿನ ಪ್ರದರ್ಶನಕ್ಕೆ ಕೊಡಲು ಚಿಕ್ಕಮ್ಮ ಒಪ್ಪಿದ್ದಳು.

ಪ್ರದರ್ಶನ ನಾಳೆಯೇ. ಕೀಬೋರ್ಡಿನ ಮೂಲೆಯಲ್ಲಿರುವ ಮೂರು ಪುಟ್ಟ ದೀಪಗಳು ಒಂದಾದ ಮೇಲೊಂದು ಮಿಣುಕಬೇಕು. ಅದೇ ಅವರಿಬ್ಬರ ಪ್ರಾಜೆಕ್ಟ್. ಅದಕ್ಕೆ ಬೇಕಾದ ಚಿಕ್ಕ ಚಿಕ್ಕ ಆಜ್ಞೆಗಳನ್ನು ಬರೆದೂ ಆಗಿತ್ತು. ಆದರೆ ಕಂಪ್ಯೂಟರಿಗೆ ಅರ್ಥವಾಗುವುದು ಬರೀ ಸೊನ್ನೆ ಮತ್ತು ಒಂದು. ಆ ಆಜ್ಞೆಗಳನ್ನೆಲ್ಲ ಸೊನ್ನೆ-ಒಂದು ಮಾಡಿಕೊಡಲು ಅಸೆಂಬ್ಲರ್ ಎಂಬ ಇನ್ನೊಂದು ಪ್ರೋಗ್ರಾಂ ಬೇಕು. ಅದೇ ಇಲ್ಲಿ ಇಲ್ಲ.

“ರೆಡಿಮೇಡ್ ಸಿಗಲ್ವಾ?” ಎಂದು ಮೆಣಸಿ ಮೊದಲೇ ಕೇಳಿದ್ದಳು.

“ಈ ಮುದುಕಪ್ಪನ ಸೈಜಿಗೆ ರೆಡಿಮೇಡ್ ಅಂಗಿ ಯಾರೂ ಮಾಡಲ್ಲ ಈಗ,” ಎಂದಿದ್ದಳು ಚಿಕ್ಕಮ್ಮ. “ಬಟ್ಟೆ ತಂದು ನಾವೇ ಹೊಲ್ಕೋಬೇಕು. ಅಸೆಂಬ್ಲರ್ ಬರೆದವರು ಅದರ ಸೋರ್ಸ್ ಕೋಡನ್ನ, ಅಂದ್ರೆ ಮೂಲ ಬರಹವನ್ನ, ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು, ಕಟ್ಟಿಕೊಳ್ಳಬಹುದು. ಅದೇ ನಮ್ಮ ಬಟ್ಟೆ. ಮೊದಲು ‘ಕಾನ್ಫಿಗರ್’ ಮಾಡಿ. ಅಂದ್ರೆ ಅಳತೆ ತೆಗೆಯೋದು. ಆಮೇಲೆ ‘ಮೇಕ್’. ಅದು ಹೊಲಿಗೆ. ಸಿದ್ಧವಾದದ್ದನ್ನ ನಿಮ್ಮ ಫೋಲ್ಡರಿನಲ್ಲೇ ಇಟ್ಕೊಳ್ಳಿ, ಮೆಷೀನ್ ತುಂಬ ಹರಡಬೇಡಿ.”

ಅಂಗಡಿಯಲ್ಲಿ ಚಿಕ್ಕಮ್ಮನದೊಂದು ಕಟ್ಟುನಿಟ್ಟು. ಕಂಪ್ಯೂಟರ್ ಮುಂದೆ ಯಾವಾಗಲೂ ಇಬ್ಬರು. ತಿರುಗುವ ಕುರ್ಚಿಯಲ್ಲಿ ಕೂತವರು ಒತ್ತಬೇಕು, ಪಕ್ಕದ ಸ್ಟೂಲಿನಲ್ಲಿ ಕೂತವರು ಓದಿ ಹೇಳಬೇಕು. ಓದುವವರು ಬಾಯಿ ಬಿಡುವವರೆಗೆ ಒತ್ತುವವರು ಒತ್ತುವಂತಿಲ್ಲ.

ತಿರುಗುವ ಕುರ್ಚಿಯನ್ನು ಮೆಣಸಿ ಓಡಿಬಂದು ಹಿಡಿದಿದ್ದಳು. ರಬ್ಬರಮ್ಮ ಮಾತಾಡದೆ ಸ್ಟೂಲಿನ ಮೇಲೆ ಕೂತಿದ್ದಳು.

ಹೆಸರಿನ ಕತೆಯನ್ನೂ ಹೇಳಿಬಿಡುತ್ತೇನೆ. ಕೋಪ ಮೂಗಿನ ತುದಿಯಲ್ಲೇ ಇದ್ದುದರಿಂದ ಮನೆಯವರೆಲ್ಲ ಮೆಣಸಿಯನ್ನು ಮೆಣಸಿ ಎನ್ನುತ್ತಿದ್ದರು. ರಬ್ಬರಮ್ಮನಿಗೆ ಆ ಹೆಸರಿಟ್ಟವಳು ಮೆಣಸಿಯೇ. ಮೂರನೇ ಕ್ಲಾಸಿನಲ್ಲಿ ಇಬ್ಬರೂ ಜೀವದ ಗೆಳತಿಯರು. ರಜೆಯಿಡೀ ಕಂಪ್ಯೂಟರಿನಲ್ಲಿ ಬರೆದ ಚಿತ್ರಗಳನ್ನು ಮೆಣಸಿ ಪೆನ್ ಡ್ರೈವಿಗೆ ಹಾಕಿ ಗೆಳತಿಗೆ ಕೊಟ್ಟಿದ್ದಳು. ಅದನ್ನು ಹಾಕಿದಾಗ ಕಂಪ್ಯೂಟರ್ ಅದೇನೋ ಕೇಳಿತಂತೆ, ಗೆಳತಿ ಓದದೆ ‘ಯೆಸ್’ ಒತ್ತಿದಳಂತೆ. ಒಂದು ಚಿತ್ರವೂ ಉಳಿಯಲಿಲ್ಲ. ಮಾರನೆಯ ದಿನ ಮೆಣಸಿ ಇಡೀ ಕ್ಲಾಸಿನ ಮುಂದೆ, “ಇವಳು ರಬ್ಬರಮ್ಮ! ಸಿಕ್ಕಿದ್ದೆಲ್ಲ ಅಳಿಸ್ತಾಳೆ!” ಎಂದು ಕೂಗಿದ್ದಳು. ಹೆಸರು ಗೋಂದಿನ ಹಾಗೆ ಅಂಟಿಕೊಂಡಿತು. ಈಗ ಐದನೇ ಕ್ಲಾಸು. ಇಬ್ಬರೂ ಮತ್ತೆ ಒಟ್ಟಿಗೆ ಕೂತದ್ದು ಟೀಚರ್ ಚೀಟಿ ಎತ್ತಿ ಜೋಡಿ ಮಾಡಿದ್ದರಿಂದ ಮಾತ್ರ.

ಮೆಣಸಿ ಇನ್ನೊಮ್ಮೆ ಎಂಟರ್ ಒತ್ತಿದಳು. ಅದೇ ಜಾಗದಲ್ಲಿ ನಿಂತಿತು.

ರಬ್ಬರಮ್ಮ ಮೆಲ್ಲಗೆ ಓದತೊಡಗಿದಳು. “ಎರರ್... ನ್ಯೂಲಿ ಕ್ರಿಯೇಟೆಡ್ ಫೈಲ್...”

“ಸುಮ್ಮನಿರೇ! ಇವತ್ತು ಆ ಸೋರ್ಸ್ ಕೋಡ್ ಇರೋ ಪೆನ್ ಡ್ರೈವ್ ಹಿಡ್ಕೊಂಡು ಬಂದಿದ್ದು ಯಾರು? ನೀನು ತಾನೇ? ಏನೋ ಅಳಿಸಿರ್ತೀಯ. ಅದಕ್ಕೇ ಹೀಗಾಗ್ತಿದೆ!”

ರಬ್ಬರಮ್ಮ ಎದ್ದಳು. ಬ್ಯಾಗ್ ಹೆಗಲಿಗೇರಿಸಿ ಬಾಗಿಲವರೆಗೆ ಹೋದಳು.

“ಕೊನೇ ಸಾಲು ಓದು,” ಎಂದಳು. ಹೊರಟೇ ಹೋದಳು.

ಅತ್ತ ರೇಡಿಯೋ ಬಿಚ್ಚುತ್ತಿದ್ದ ಚಿಕ್ಕಮ್ಮ ತಲೆಯೆತ್ತಿದಳು. “ಓದೋರು ಎದ್ದು ಹೋದ್ರಾ?”

“ಹೋಗ್ಲಿ ಬಿಡು. ನಾನೊಬ್ಬಳೇ ಮಾಡ್ತೀನಿ.”

“ಹಾಗಾದ್ರೆ ಇಳಿ ಕುರ್ಚಿಯಿಂದ. ಸ್ಟೂಲಲ್ಲಿ ಕೂತು ಓದು. ಆಮೇಲೆ ಕುರ್ಚಿಗೆ ಬಂದು ಒತ್ತು. ಇಲ್ಲಿಯ ರೂಲ್ಸು ನಿನಗೊಂದು, ಊರಿಗೊಂದು ಇಲ್ಲ.”

ಮೆಣಸಿ ಮುಖ ಗಂಟಿಕ್ಕಿಕೊಂಡು ಸ್ಟೂಲಿಗೆ ಬಂದಳು. ಸ್ಟೂಲು ಇನ್ನೂ ಬೆಚ್ಚಗಿತ್ತು. ಅಲ್ಲಿಂದ ನೋಡಿದರೆ ಕೊನೆಯ ಸಾಲು ಎದುರಿಗೇ ಕಾಣುತ್ತಿತ್ತು. ಒಂದೊಂದೇ ಪದ ಕೂಡಿಸಿ ಓದಿದಳು. ಹೊಸದಾಗಿ ಮಾಡಿದ ಫೈಲು, ಪೆನ್ ಡ್ರೈವಿನಿಂದ ತಂದ ಫೈಲುಗಳಿಗಿಂತ ಹಳೆಯದಾಗಿದೆ. ನಿಮ್ಮ ಗಡಿಯಾರ ನೋಡಿಕೊಳ್ಳಿ.

“ಇದೇನಿದು? ಈಗ ತಾನೇ ಹುಟ್ಟಿದ್ದು ಹಳೇದು ಹೇಗಾಗುತ್ತೆ?” ಎಂದು ಗೊಣಗುತ್ತಾ ಪರದೆಯ ಮೂಲೆ ನೋಡಿದಳು. ನೋಡಿದವಳೇ ಚೀರಿದಳು. “ಚಿಕ್ಕಮ್ಮಾ! ಈ ಕಂಪ್ಯೂಟರ್ ಪ್ರಕಾರ ನಾನಿನ್ನೂ ಹುಟ್ಟೇ ಇಲ್ಲ!”

ಚಿಕ್ಕಮ್ಮ ನಗುತ್ತಾ ಬಂದಳು. ಕಂಪ್ಯೂಟರ್ ಆಫ್ ಮಾಡಿ, ಡಬ್ಬಿಯ ಸ್ಕ್ರೂ ಬಿಚ್ಚಿ, ಒಳಗಿನಿಂದ ಗುಂಡನೆಯ ಪುಟ್ಟ ಬ್ಯಾಟರಿಯೊಂದನ್ನು ತೆಗೆದಳು.

“ಗಡಿಯಾರ ನಡೆಸೋ ಬ್ಯಾಟರಿ ಇದು. ಸತ್ತು ಎಷ್ಟು ಕಾಲವಾಯ್ತೋ! ಪ್ಲಗ್ ಕಿತ್ತ ಕೂಡಲೇ ಕಂಪ್ಯೂಟರ್ ಹೋಗಿ ಅದೇ ಹಳೇ ದಿನದಲ್ಲಿ ಕೂತುಬಿಡುತ್ತೆ. ಆಮೇಲೆ ಹೊಸ ಫೈಲು ಬಂದ್ರೆ ನಂಬೋದೇ ಇಲ್ಲ.”

“ಪೆನ್ ಡ್ರೈವ್ ಸರಿಯಾಗೇ ಇತ್ತಾ ಹಾಗಾದ್ರೆ?”

“ಅದಕ್ಕೇನಾಗಿದೆ? ಸರಿಯಾಗೇ ಇದೆ.”

ಚಿಕ್ಕಮ್ಮ ಡ್ರಾಯರಿನಿಂದ ಹೊಸ ಬ್ಯಾಟರಿ ಹುಡುಕಿ ಹಾಕಿದಳು. ಮೆಣಸಿ ಇವತ್ತಿನ ತಾರೀಖು ಹೊಡೆದಳು. ಕಾನ್ಫಿಗರ್ ಎಂದು ಮತ್ತೆ ಟೈಪ್ ಮಾಡಿದಳು. ಇನ್ನು ಎಂಟರ್ ಒತ್ತುವುದೊಂದೇ ಬಾಕಿ. ಬೆರಳು ಕೀಲಿಯ ಮೇಲೆಯೇ ಇತ್ತು.

ಒತ್ತಲು ಮನಸ್ಸು ಬರಲಿಲ್ಲ. ಸಂಜೆಯಿಂದ ಪಕ್ಕದಲ್ಲಿ ಕೂತು ಪ್ರತಿ ಸಾಲಿಗೂ ಬೆರಳಿಟ್ಟು ಓದುತ್ತಿದ್ದವಳು ನೆನಪಾದಳು. ಓದದೆ ಎಂಟರ್ ಒತ್ತುತ್ತಿದ್ದವಳು ಯಾರು ಎಂಬುದೂ ನೆನಪಾಯಿತು. ಮೆಣಸಿಗೆ ನಾಚಿಕೆಯಾಯಿತು.

“ಚಿಕ್ಕಮ್ಮಾ, ಯಾರೂ ಮುಟ್ಟಬೇಡಿ! ಬಂದೆ!” ಎಂದವಳೇ ಓಡಿದಳು.

ಗೆಳತಿ ತನ್ನ ಮನೆಯ ಮೆಟ್ಟಿಲ ಮೇಲೆ ಕೂತು ತಮ್ಮನ ಶೂ ಲೇಸ್ ಕಟ್ಟುತ್ತಿದ್ದಳು. ಮೆಣಸಿಯನ್ನು ಕಂಡರೂ ತಲೆಯೆತ್ತಲಿಲ್ಲ.

“ಲೇ ರಬ್...” ಎಂದ ಮೆಣಸಿ ಉಳಿದದ್ದನ್ನು ನುಂಗಿಕೊಂಡಳು. “ಕೊನೇ ಸಾಲು ಓದಿದೆ ಕಣೇ. ಗಡಿಯಾರ ತಪ್ಪಿತ್ತು.”

“ನಾನು ಅದನ್ನೇ ಹೇಳೋಕೆ ಬಂದೆ.”

“ಹೂಂ. ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ.”

“ನಾನೇನೂ ಅಳಿಸಿರಲಿಲ್ಲ.”

“ಗೊತ್ತು. ಸಾರಿ ಕಣೇ.”

ಗೆಳತಿ ಲೇಸನ್ನು ಇನ್ನೊಂದು ಸಲ ಬಿಗಿದಳು. “ಅವತ್ತು ಮಾತ್ರ ಅಳಿಸಿದ್ದು ನಿಜ. ನಿನ್ನ ಚಿತ್ರಗಳನ್ನ. ಅವತ್ತಿಂದ ನಾನು ಎಲ್ಲಾನೂ ಪೂರ್ತಿ ಓದ್ತೀನಿ. ಬಿಸ್ಕೆಟ್ ಪ್ಯಾಕೆಟ್ ಕೂಡ ಓದಿಯೇ ಒಡೆಯೋದು.”

“ಹೌದು!” ಎಂದ ತಮ್ಮ ಸಿಡಿಮಿಡಿಗೊಂಡು. “ಅಲ್ಲೀತನಕ ನನಗೆ ಕೊಡೋದೇ ಇಲ್ಲ!”

ಮೆಣಸಿಗೆ ನಗು ಬಂತು. ಎರಡು ವರ್ಷದಿಂದ ಇವಳು ಹೀಗೆ ಓದುತ್ತಿದ್ದಾಳೆ. ತನಗೆ ಗೊತ್ತೇ ಆಗಿರಲಿಲ್ಲ.

“ಬಾರೇ,” ಎಂದಳು. “ಎಂಟರ್ ಇನ್ನೂ ಒತ್ತಿಲ್ಲ. ನಿನಗೋಸ್ಕರ ಬಿಟ್ಟು ಬಂದಿದೀನಿ.”

ಅಂಗಡಿಯಲ್ಲಿ ಮೆಣಸಿ ನೇರವಾಗಿ ಹೋಗಿ ಸ್ಟೂಲಿನ ಮೇಲೆ ಕೂತಳು. ಗೆಳತಿ ತಿರುಗುವ ಕುರ್ಚಿಯನ್ನು ನೋಡಿದಳು, ಮೆಣಸಿಯನ್ನು ನೋಡಿದಳು.

“ಮುಟ್ಲಾ?”

“ಮುಟ್ಟು.”

ಈ ಸಲ ಸಾಲುಗಳು ನಿಲ್ಲಲಿಲ್ಲ. ಕಂಪ್ಯೂಟರ್ ತನ್ನನ್ನು ತಾನೇ ಪ್ರಶ್ನೆ ಕೇಳಿಕೊಳ್ಳುತ್ತಾ ಹೋಯಿತು. ಮೆಣಸಿ ಜೋರಾಗಿ ಓದಿದಳು. “ಅದು ಇದೆಯಾ? ಇದೆ. ಇದು ಇದೆಯಾ? ಇಲ್ಲ, ಪರವಾಗಿಲ್ಲ. ಅದು? ಇದೆ!” ಅಳತೆ ಮುಗಿಯಿತು. ಹೊಲಿಗೆ ಶುರುವಾಯಿತು. ಮುದುಕಪ್ಪ ಗುರ್ ಗುರ್ ಎನ್ನುತ್ತಾ ದುಡಿದ. ಅಸೆಂಬ್ಲರ್ ಸಿದ್ಧವಾಗಿ, ಅವರ ಆಜ್ಞೆಗಳೆಲ್ಲ ಸೊನ್ನೆ-ಒಂದಾಗಿ, ಕೊನೆಗೆ ಮೂಲೆಯ ಮೂರು ಹಸಿರು ದೀಪಗಳು ಒಂದಾದ ಮೇಲೊಂದು ಮಿಣುಕಿದಾಗ ಇಬ್ಬರೂ ಕಿರುಚಿದ ರಭಸಕ್ಕೆ ಚಿಕ್ಕಮ್ಮನ ಕೈಯಿಂದ ಸ್ಕ್ರೂಡ್ರೈವರ್ ಬಿತ್ತು.

ಮರುದಿನ ಪ್ರದರ್ಶನದಲ್ಲಿ ಅವರ ಮೇಜಿನ ಸುತ್ತ ಗುಂಪೋ ಗುಂಪು. ಕ್ಲಾಸಿನ ಹುಡುಗನೊಬ್ಬ ನುಗ್ಗಿಕೊಂಡು ಮುಂದೆ ಬಂದ.

“ಏ ರಬ್ಬರಮ್ಮಾ, ಕೀಬೋರ್ಡ್ ಮುಂದೆ ನೀನ್ಯಾಕೆ ಕೂತಿದೀಯ? ಎಲ್ಲಾ ಅಳಿಸಿಬಿಟ್ಟೀಯ!”

ಸುತ್ತಲಿದ್ದವರು ಕಿಸಕ್ಕನೆ ನಕ್ಕರು. ಗೆಳತಿಯ ಬೆರಳು ಕೀಲಿಯ ಮೇಲೆ ನಿಂತಿತು. ಆ ಹೆಸರು ಇಷ್ಟು ಚುಚ್ಚುತ್ತದೆ ಎಂದು ಮೆಣಸಿಗೆ ಅನ್ನಿಸಿದ್ದು ಅದೇ ಮೊದಲು. ಇಟ್ಟವಳು ತಾನೇ.

“ಅದು ಹಳೇದು ಕಣೋ,” ಎಂದಳು ಮೆಣಸಿ. “ಇನ್ಮೇಲೆ ಹಾಗೆ ಕರೀಬೇಡ.”

ಹುಡುಗ ತಲೆ ಕೆರೆದುಕೊಂಡ. ಗೆಳತಿ ಮೆಣಸಿಯನ್ನೇ ನೋಡಿದಳು. ಆಮೇಲೆ ಪರದೆಯ ಕಡೆ ತಿರುಗಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು.

“ಹೂಂ, ಓದೇ,” ಎಂದಳು.

ಮೆಣಸಿ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಮೊದಲ ಸಾಲಿನಿಂದ ಓದತೊಡಗಿದಳು.