ಮಂಚದ ಕೆಳಗಿನ ಇಸ್ತ್ರಿಪೆಟ್ಟಿಗೆ

"ಅದು ನನ್ನ ಸ್ಕೂಲ್ ಟೂರ್ ದುಡ್ಡು. ಮುಟ್ಟಬೇಡ," ಎಂದಳು ಸಿಡುಕಿ. ಮಾತುಮಾತಿಗೂ ಸಿಡುಕುವ ಅವಳಿಗೆ ಮನೆಯವರು ಇಟ್ಟ ಹೆಸರೇ ಅದು.

ಅಮ್ಮ ಆಗಲೇ ಡಬ್ಬಿಯ ಮುಚ್ಚಳ ತೆಗೆದಿದ್ದಳು. ಹೊರಗಿನ ಕೋಣೆಯಲ್ಲಿ ಸಂಘದ ಹೆಂಗಸರು ಮುಖ ಗಂಟಿಕ್ಕಿಕೊಂಡು ಚಾಪೆಯ ಮೇಲೆ ಕೂತಿದ್ದರು. ಸಾಲದ ಕಂತು ವಸೂಲಿಗೆ ಬಂದಿದ್ದ ಸರ್ ಪೆನ್ನಿನಿಂದ ಬ್ಯಾಗಿನ ಮೇಲೆ ಟಕ್ ಟಕ್ ಬಡಿಯುತ್ತಿದ್ದರು.

ಸಂಘದ ಐದು ಜನ ಸೇರಿ ತೆಗೆದುಕೊಂಡ ಸಾಲ ಅದು. ಅದರಿಂದಲೇ ಅಮ್ಮನಿಗೆ ಹೊಲಿಗೆ ಮಿಷನ್ ಬಂದಿತ್ತು, ತರಕಾರಿ ಅಜ್ಜಿಗೆ ತಳ್ಳುಗಾಡಿ ಬಂದಿತ್ತು. ಕಂಡವರ ಮನೆ ಪಾತ್ರೆ ತಿಕ್ಕುತ್ತಿದ್ದ ಆಂಟಿ ಇಸ್ತ್ರಿ ಆಂಟಿ ಆಗಿದ್ದರು. ಆದರೆ ಒಬ್ಬರು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ತುಂಬುವ ತನಕ ಯಾರೂ ಏಳುವ ಹಾಗಿಲ್ಲ.

ಇವತ್ತು ಇಸ್ತ್ರಿ ಆಂಟಿ ಬಂದಿರಲಿಲ್ಲ.

"ಅವರು ಬರದಿದ್ರೆ ನನ್ನ ದುಡ್ಡು ಯಾಕೆ? ನಾಳೆ ಟೂರಿಗೆ ದುಡ್ಡು ಕಟ್ಟೋಕೆ ಲಾಸ್ಟ್ ಡೇಟ್ ಅಮ್ಮ."

"ಕಟ್ಟದಿದ್ರೆ ಮುಂದಿನ ಸಲ ಯಾರಿಗೂ ಸಾಲ ಸಿಗಲ್ಲ ಕಣೇ," ಎಂದಳು ಅಮ್ಮ.

ದುಡ್ಡು ಹೋಯಿತು. ಸಿಡುಕಿಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಸರ್ ಹೋದ ಮೇಲೆ ಹೆಂಗಸರೆಲ್ಲ ಇಸ್ತ್ರಿ ಆಂಟಿಯ ಮನೆಗೆ ಹೊರಟರು. ಎಲ್ಲರಿಗಿಂತ ಮುಂದೆ ನಡೆದವಳು ಸಿಡುಕಿಯೇ.

"ವಾರವೆಲ್ಲ ಮಳೆ. ಯಾರ ಬಟ್ಟೇನೂ ಒಣಗಿಲ್ಲ. ಒಣಗದೆ ಇಸ್ತ್ರಿಗೆ ಯಾರು ಕೊಡ್ತಾರೆ?" ಎಂದರು ಆಂಟಿ.

"ನಿನ್ನ ಕತೆ ಕೇಳಿದ್ರೆ ನಮ್ಮ ಹೊಟ್ಟೆ ತುಂಬುತ್ತಾ?" ಎಂದಳು ತರಕಾರಿ ಅಜ್ಜಿ.

"ಇಸ್ತ್ರಿಪೆಟ್ಟಿಗೆ ತಗೊಂಡು ಹೋಗೋಣ. ದುಡ್ಡು ಕೊಟ್ಟ ಮೇಲೆ ವಾಪಸ್ ಕೊಡೋಣ," ಎಂದಳು ಸಿಡುಕಿ.

ಮಕ್ಕಳ ಮಾತನ್ನು ಎಂದೂ ಕಿವಿಗೆ ಹಾಕಿಕೊಳ್ಳದ ದೊಡ್ಡವರು ಇದೊಂದನ್ನು ಮಾತ್ರ ತಕ್ಷಣ ಕೇಳಿದರು. ಆಂಟಿ ಎಷ್ಟು ಬೇಡಿಕೊಂಡರೂ ಬಿಡಲಿಲ್ಲ. ಪೆಟ್ಟಿಗೆ ಬಂದು ಸಿಡುಕಿಯ ಮಂಚದ ಕೆಳಗೆ ಕೂತಿತು.

ಮರುದಿನ ಟೀಚರ್ ಟೂರಿಗೆ ಹೋಗುವವರ ಹೆಸರು ಓದಿದರು. ಸಿಡುಕಿಯ ಹೆಸರಿರಲಿಲ್ಲ. ಅವಳು ಹಲ್ಲು ಕಚ್ಚಿಕೊಂಡು ಕೂತಳು.

ಸ್ಕೂಲ್ ಬಿಟ್ಟಾಗ ಚುರುಚುರು ಬಿಸಿಲು. ಬೀದಿಯ ತಂತಿಗಳಲ್ಲೆಲ್ಲ ಬಟ್ಟೆ ಒಣಗಿತ್ತು. ಇಸ್ತ್ರಿ ಆಂಟಿಯ ಮೇಜಿನ ಮುಂದೆ ಒಬ್ಬರು ದೊಡ್ಡ ಗಂಟು ಹಿಡಿದು ನಿಂತಿದ್ದರು.

"ಪೆಟ್ಟಿಗೆ ಇಲ್ಲ," ಎಂದರು ಆಂಟಿ.

"ಹಾಗಾದ್ರೆ ಅಂಗಡಿ ಯಾಕಮ್ಮ ಇಟ್ಟಿದೀಯಾ?" ಎಂದು ಗೊಣಗುತ್ತಾ ಅವರು ಗಂಟು ಹೊತ್ತುಕೊಂಡು ಹೋದರು. ಹಿಂದೆ ನಿಂತಿದ್ದವರೂ ಹೋದರು.

'ಹಾಗೇ ಆಗಬೇಕು ನಿಮಗೆ' ಎನ್ನಬೇಕೆಂದು ಸಿಡುಕಿ ಬೆಳಿಗ್ಗೆಯಿಂದ ಕಾಯುತ್ತಿದ್ದಳು. ಆದರೆ ತಿರುಗಿ ಹೋಗುತ್ತಿದ್ದ ಗಂಟುಗಳನ್ನು ನೋಡಿದವಳೇ ಮನೆಗೆ ಓಡಿದಳು.

"ಅಮ್ಮ, ಪೆಟ್ಟಿಗೆ ನಮ್ಮ ಹತ್ರ ಇದ್ರೆ ಆಂಟಿ ಹೇಗೆ ದುಡೀತಾರೆ? ನಿನ್ನ ಮಿಷನ್ ಯಾರಾದ್ರೂ ಹೊತ್ಕೊಂಡು ಹೋದ್ರೆ?"

ಮಿಷನ್ ನಿಂತಿತು. ಅಮ್ಮ ಸೂಜಿಯಿಂದ ಬಟ್ಟೆ ಬಿಡಿಸಿದಳು.

"ತರಕಾರಿ ಅಜ್ಜಿ ನನ್ನ ಸುಮ್ನೆ ಬಿಡ್ತಾಳಾ?"

"ನನ್ನ ಬೈಯಲಿ. ತರೋಣ ಅಂದಿದ್ದು ನಾನು."

ಪೆಟ್ಟಿಗೆ ಕಲ್ಲಿನಷ್ಟು ಭಾರವಿತ್ತು. ಹಿಡಿಯನ್ನು ಒಂದು ಕಡೆ ಅಮ್ಮ, ಒಂದು ಕಡೆ ಸಿಡುಕಿ ಹಿಡಿದುಕೊಂಡು ನಡೆದರು. 'ಸಾರಿ ಆಂಟಿ' ಎಂದು ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಪ್ರಾಕ್ಟೀಸ್ ಮಾಡಿದಳು.

ಆಂಟಿ ನಗಲಿಲ್ಲ, ಕೂತ್ಕೊಳ್ಳಿ ಎನ್ನಲೂ ಇಲ್ಲ. ಪೆಟ್ಟಿಗೆಯನ್ನು ಕಿತ್ತುಕೊಂಡರು. ಇದ್ದಿಲು ತುಂಬಿ, ಬೆಂಕಿ ಹಚ್ಚಿ, ಗಾಳಿ ಬೀಸತೊಡಗಿದರು.

"ಸಾರಿ ಆಂಟಿ," ಎಂದಳು ಸಿಡುಕಿ.

"ಆ ಕಡೆ ನಿಲ್ಲು. ಕಿಡಿ ಹಾರುತ್ತೆ," ಎಂದರು ಆಂಟಿ, ಅವಳ ಮುಖ ನೋಡದೆ.

ಸಿಡುಕಿ ಆ ಕಡೆ ಸರಿದು ನಿಂತಳು. ಆಂಟಿಯ ಕೋಪ ಇವತ್ತು ಇಳಿಯುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಆಂಟಿಯ ಜಾಗದಲ್ಲಿ ತಾನಿದ್ದರೂ ಇಷ್ಟು ಬೇಗ ಇಳಿಯುತ್ತಿರಲಿಲ್ಲ.