ಅದೇ ಕಂಪನಿಯ ಮೂರನೆಯ ಕಾರು

ಭೇರ್ಯದ ಬಸ್‌ಸ್ಟ್ಯಾಂಡ್ ದಾಟಿದ ಮೇಲೆ ಸಿಗುವ ರೋಡ್ ಹಂಪಿನ ಮುಂದೆ ಕೆಂಪು ಕಾರು ನಿಂತುಬಿಟ್ಟಿತ್ತು. ಅದಕ್ಕೆ ಶಕ್ತಿಯಿಲ್ಲವೆಂದಲ್ಲ, ಅದರ ಹೊಟ್ಟೆ ನೆಲಕ್ಕೆ ಅಷ್ಟು ಹತ್ತಿರ. ಟೀ ಅಂಗಡಿಯಲ್ಲಿದ್ದವರೆಲ್ಲ ಎದ್ದು ಬಂದು, ಹಂಪಿನ ಎರಡೂ ಬದಿಗೆ ಹಲಗೆ ಹಾಸಿ, ತುಂಬು ಬಸುರಿಯನ್ನು ಕೆಸರು ದಾಟಿಸುವಷ್ಟು ಜೋಪಾನವಾಗಿ ಅದನ್ನು ದಾಟಿಸಿದರು.

"ಇದು ಮೂರ್ನೇದು ಕಣ್ಲಾ. ಅದೇ ಕಂಪನಿ, ಅದೇ ಬಣ್ಣ."

"ಕಾಸು ಕೊಬ್ಬಿದ್ರೆ ಇಂಗೇಯ. ಹೆಂಡ್ತಿ ಸತ್ತು ಇನ್ನೂ ಮಣ್ಣು ಆರಿಲ್ಲ, ಅವನ ಸೋಕಿ ನೋಡು."

"ಅಯ್ಯೋ, ಗ್ಲಾಸು ಇಳಿಸಿ ಒಂದು ಮಾತಾದ್ರೂ ಆಡಿದ್ನಾ? ಮೀನು ತೊಟ್ಟಿಯೊಳಗೆ ಕುಂತಂಗೆ ಕುಂತವ್ನೆ."

ಮಾತು ತಾರಸಿಯ ಮೇಲೆ ಹಪ್ಪಳ ಒಣಗಲು ಹಾಕುತ್ತಿದ್ದ ಪವಿತ್ರಾಳಿಗೂ ಕೇಳಿಸಿತು. ಅವಳು ಕೈ ಒರೆಸಿಕೊಂಡು ಗೋಡೆಯ ಅಂಚಿಗೆ ಬಂದಳು. ಕಾರು ಅವರ ಮನೆ ಮುಂದೆಯೇ ನಿಂತಿತು. ಬಾಗಿಲು ತೆರೆದು ಇಳಿದ ಚಲುವರಾಜು ಮೊದಲು ಮಾಡಿದ ಕೆಲಸವೆಂದರೆ ಆ ಬಾಗಿಲನ್ನು ಬೇಗ ಮುಚ್ಚಿದ್ದು. ಒಳಗೆ ಮಲಗಿದ ಮಗುವಿಗೆ ಗಾಳಿ ತಾಗೀತು ಎನ್ನುವ ಹಾಗೆ.

"ಭಾವ, ನಿಮ್ಮ ಗಾಡಿಗೆ ನಮ್ಮೂರ ಹಂಪ್ ಕಂಡ್ರೆ ಆಗಾಕಿಲ್ವಾ?" ಮೇಲಿಂದಲೇ ಕೇಳಿದಳು.

ಅವನು ತಲೆಯೆತ್ತಿದ. ಬಿಸಿಲಿಗೆ ಕಣ್ಣು ಕಿರಿದಾಗಿತ್ತು. "ನಿಮ್ಮೂರಿಗೇ ನನ್ನ ಗಾಡಿ ಕಂಡ್ರೆ ಆಗಾಕಿಲ್ಲ."

"ಊರಿಗೆ ಆಗಾಕಿಲ್ಲ. ಊರವ್ರಿಗೆಲ್ಲ ಅಂತ ಅನ್ಕೋಬೇಡಿ."

ಹೇಳಿಬಿಟ್ಟು ಅವಳಿಗೇ ನಾಚಿಕೆಯಾಯಿತು. ಅವನು ನಕ್ಕ. ಆದರೆ ಆ ನಗೆ ಅವಳ ಮೇಲೆ ನಿಲ್ಲಲಿಲ್ಲ, ಅವಳ ಹಿಂದೆ ಇನ್ಯಾರೋ ನಿಂತಿದ್ದಾರೆ ಎನ್ನುವಂತೆ ಅವಳನ್ನು ದಾಟಿ ಹೋಯಿತು.

ಚಲುವರಾಜು ಅವಳ ಅಕ್ಕ ಕಾವ್ಯಶ್ರೀಯ ಗಂಡ. ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ವ್ಯಾಪಾರಿ. ಮೈಸೂರಿನ ರಿಂಗ್ ರಸ್ತೆಗೆ ತಾಗಿದ್ದ ಅಜ್ಜನ ಜಮೀನು ಲೇಔಟ್ ಆದ ಮೇಲೆ, ಊರಿನ ಕಲ್ಪನೆಗೇ ಎಟುಕದಷ್ಟು ಹಣ ಬಂದಿತ್ತು. ಮದುವೆಯಾದ ಮರುವರ್ಷ ಮೊದಲನೆಯ ಕಾರು ಬಂತು. ಅದು ಬಂದ ತಿಂಗಳಲ್ಲೇ ಕಾವ್ಯಶ್ರೀ ಮಿದುಳು ಜ್ವರದಿಂದ ತೀರಿಹೋದಳು. ಮಕ್ಕಳಿರಲಿಲ್ಲ. ಆಮೇಲೆ ಅವನು ಆ ಕಾರು ಮಾರಿ ಇನ್ನೊಂದು ಕೊಂಡ. ಅದನ್ನೂ ಮಾರಿ ಈಗ ಇದು. ಅದೇ ಜರ್ಮನಿ ಕಂಪನಿ, ಅದೇ ಎರಡು ಸೀಟು, ಅದೇ ಕೆಂಪು. ಹೆಂಡತಿ ಸತ್ತ ಮನೆಯಲ್ಲಿ ಇದೇನು ಮೆರವಣಿಗೆ ಎಂದು ಎರಡೂ ಊರು ಆಡಿಕೊಂಡವು.

ಆದರೂ ಸಂಬಂಧ ಕಡಿದುಹೋಗಬಾರದು ಎಂದು ಹಿರಿಯರು ತೀರ್ಮಾನಿಸಿದರು. ಅಕ್ಕ ಹೋದ ಮನೆಗೆ ತಂಗಿಯನ್ನು ಕೊಡುವುದು ಅವರಲ್ಲಿ ಹೊಸದೇನಲ್ಲ. ಪವಿತ್ರಾಳ ಅಪ್ಪ ಮಂಚಯ್ಯ "ನಿನಗೆ ಒಪ್ಪಿಗೆನಾ ಮಗಾ?" ಎಂದು ಕೇಳಿದಾಗ ಅವಳು ತಲೆ ತಗ್ಗಿಸಿದ್ದಳು. ಎಲ್ಲರೂ ಅದನ್ನು ತ್ಯಾಗ ಅಂದುಕೊಂಡರು. ಅದು ತ್ಯಾಗವಲ್ಲ ಎಂದು ಅವಳೊಬ್ಬಳಿಗೆ ಗೊತ್ತು.

ಅಕ್ಕನನ್ನು ಹೆಣ್ಣು ನೋಡಲು ಬಂದ ದಿನ ಕಾಫಿ ತಟ್ಟೆ ಹಿಡಿದು ಮೊದಲು ಹೊರಗೆ ಬಂದವಳು ಪವಿತ್ರಾ. ಇವಳೇ ಹುಡುಗಿ ಅಂದುಕೊಂಡು ಚಲುವರಾಜು ಮುಖವೆತ್ತಿ ನೋಡಿದ್ದ. ಅಂಜಿಕೊಂಡು, ಮೆಚ್ಚಿಕೊಂಡು ನೋಡಿದ ನೋಟ ಅದು. ಅಕ್ಕ ಹೊರಗೆ ಬಂದ ಕೂಡಲೇ ಯಾರೋ ನಕ್ಕರು, ಅವನೂ ತನ್ನ ತಪ್ಪು ಅರಿವಾಗಿ ನಕ್ಕ. ಅಲ್ಲಿಗೆ ಮುಗಿಯಿತು. ಪವಿತ್ರಾಳಿಗೆ ಮಾತ್ರ ಮುಗಿಯಲಿಲ್ಲ. ಅಕ್ಕನ ಮೇಲೆ ಅವಳಿಗೆ ಪ್ರಾಣ. ಅಕ್ಕ ಸತ್ತಾಗ ಅತ್ತ ಅಳು ನಿಜವಾದದ್ದು. ಆದರೆ ಅದರ ತಳದಲ್ಲಿ ಕಡಲೆಕಾಳಿನಷ್ಟು ಚಿಕ್ಕದಾಗಿ ಒಂದು ಆಸೆ ಕೂತಿತ್ತಲ್ಲ, ಅದನ್ನು ನೆನೆದು ಅವಳು ತನ್ನನ್ನೇ ಎಷ್ಟೋ ಸಲ ಶಪಿಸಿಕೊಂಡಿದ್ದಳು.

ಇವತ್ತು ಒಪ್ಪಿಗೆಯ ವೀಳ್ಯ. ಅದಕ್ಕೆ ಮುಂಚೆ ಹುಡುಗ ಹುಡುಗಿ ಗಂಡಿನ ಮನೆದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬರಬೇಕು. ಮಧ್ಯಾಹ್ನ ಊಟ, ಆಮೇಲೆ ತಟ್ಟೆ ಬದಲಾಯಿಸುವುದು.

ಅವ್ವ ಭದ್ರಮ್ಮ ಬೀರುವಿನಿಂದ ಅಕ್ಕನ ಗಿಣಿಹಸಿರು ಸೀರೆ ತೆಗೆದು ಉಡಿಸಿದಳು. ಅಕ್ಕ ಹಚ್ಚುತ್ತಿದ್ದ ಮೆಂತ್ಯ ಕಾಯಿಸಿದ ಎಣ್ಣೆಯನ್ನೇ ತಲೆಗೆ ಹಚ್ಚಿದಳು. "ಅದೇ ಜಡೆ, ಅದೇ ಮೂಗು," ಎನ್ನುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೊರಗೆ ಸೋದರತ್ತೆ ದೊಡ್ಡತಾಯಮ್ಮ ಜೊತೆಗೆ ಹೊರಡಲು ಚಪ್ಪಲಿ ಮೆಟ್ಟಿ ನಿಂತಿದ್ದಳು. ಕಾರಿನೊಳಗೆ ಇಣುಕಿ ಗಾಬರಿಯಾದಳು.

"ಇದೇನ್ಲಾ ಚಲುವ, ಎರಡೇ ಸೀಟು? ನಾನೆಲ್ಲಿ ಕುಂತ್ಕಳ್ಳಿ, ಹಿಂದ್ಲ ಡಿಕ್ಕಿಲಾ?"

"ಡಿಕ್ಕಿ ಮುಂದೈತೆ ಅತ್ತೆ. ಹಿಂದೆ ಇಂಜಿನ್ನು."

"ತಲೆ ಕೆಳಗೆ ಮಾಡಿ ಕಟ್ಟವ್ರಾ? ಇಂಥದ್ದಕ್ಕೆ ಮೂರು ಸಲ ದುಡ್ಡು ಸುರಿದೆಯಲ್ಲೋ. ಓಗ್ಲಿ ಬುಡು, ದೇವಸ್ಥಾನಕ್ಕೆ ತಾನೇ. ನೀವೇ ಓಗ್ಬನ್ನಿ."

ಹೀಗೆ ಇಬ್ಬರೇ ಹೊರಟರು.

ಎಡಗಡೆಯ ಸೀಟಿನ ಮೇಲೆ ಕಂಪನಿಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇತ್ತು. ಕೂತರೆ ಚರಪರ ಸದ್ದು. "ಇದನ್ನ ತಗೀಬಾರ್ದಾ ಭಾವ? ಕೂತ್ರೆ ಮಿಕ್ಸ್ಚರ್ ಪೊಟ್ಟಣದೊಳಗೆ ಕೂತಂಗಾಯ್ತದೆ," ಅಂದಳು. ಅವನ ತುಟಿಯಂಚು ಸ್ವಲ್ಪ ಅಲುಗಿತು. "ಇರ್ಲಿ," ಅಂದ.

ಕೆ.ಆರ್. ನಗರ ದಾಟಿ ಹುಣಸೂರಿನ ದಾರಿ ಹಿಡಿದರು. ಗೇರು ಬದಲಾಯಿಸುವಾಗ ಅವನ ಕೈ ಅವಳ ಸೀರೆಯ ಅಂಚಿಗೆ ಸೋಕುತ್ತಿತ್ತು. ಅವನು ಕೈ ಹಿಂದೆಗೆದುಕೊಳ್ಳುತ್ತಿದ್ದ, ಅವಳು ಸೀರೆಯನ್ನು ಹಿಂದೆಗೆದುಕೊಳ್ಳಲಿಲ್ಲ. ಒಮ್ಮೆ ಅವನು ಅವಳ ಕಡೆ ವಾಲಿ ಮೆಲ್ಲಗೆ ಉಸಿರೆಳೆದುಕೊಂಡ.

"ಆ ಎಣ್ಣೆ ಹಚ್ಕೊಂಡಿದ್ದೀಯ."

ಅವನ ದನಿ ಇಷ್ಟು ಮೆತ್ತಗಾದದ್ದನ್ನು ಅವಳು ಯಾವತ್ತೂ ಕೇಳಿರಲಿಲ್ಲ. ಅವಳ ಕೆನ್ನೆ ಬಿಸಿಯಾಯಿತು.

ಹುಣಸೂರು ದಾಟುತ್ತಿದ್ದ ಹಾಗೆ ರಸ್ತೆಯ ಎರಡೂ ಕಡೆ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಮನೆಗಳು. ಸೊಪ್ಪು ಬೇಯಿಸುವ ಕಾಲ ಅದು. ಚಿಮಣಿಗಳಿಂದ ಏಳುವ ಹೊಗೆಯಲ್ಲಿ ಪಾಕ ಹಿಡಿದ ಬೆಲ್ಲದ ಹಾಗೊಂದು ವಾಸನೆ. ಅದು ಆ ಸೀಮೆಯ ಬಟ್ಟೆ, ಅನ್ನ, ತಲೆಗೂದಲು ಒಂದನ್ನೂ ಬಿಡುವುದಿಲ್ಲ. ಅವಳಿಗೆ ಅದು ಇಷ್ಟ. ಗುಂಡಿ ಒತ್ತಿ ಗ್ಲಾಸು ಇಳಿಸಿದಳು.

"ಮುಚ್ಚು."

ಅವಳು ಅರ್ಥವಾಗದೆ ತಿರುಗಿದಳು.

"ಮುಚ್ಚು ಅಂದೆ." ಅವನೇ ತನ್ನ ಕಡೆಯ ಗುಂಡಿ ಒತ್ತಿ ಗ್ಲಾಸು ಏರಿಸಿದ. ಒಂದು ಕೆರೆ ಏರಿಯ ಪಕ್ಕಕ್ಕೆ ಗಾಡಿ ತಂದು ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಹಣೆಯಿಟ್ಟ.

"ಏನಾಯ್ತು ಭಾವ? ನಾನೇನು ಮಾಡ್ದೆ?"

"ನೀನೇನೂ ಮಾಡಿಲ್ಲ." ಅವನು ಹೇಳಿದ, "ಹೊಗೆ ಒಳಗೆ ಬಂದ್ರೆ ವಾಸನೆ ಹೋಯ್ತದೆ."

"ಯಾವ ವಾಸನೆ?"

"ಹೊಸ ಗಾಡಿ ವಾಸನೆ." ಅವನು ತಲೆಯೆತ್ತಲಿಲ್ಲ. "ಮೊದಲ್ನೇ ಗಾಡಿ ತಂದ ದಿನ ನಿಮ್ಮಕ್ಕ ಒಳಗೆ ಕುಂತು ಮೂಗು ಎಳ್ಕೊಂಡು ಎಳ್ಕೊಂಡು ನಗೋಳು. ಈ ವಾಸನೆ ಹೋಗೋದ್ರೊಳಗೆ ನಾನು ಓಡ್ಸೋದು ಕಲಿತ್ಬುಡ್ತೀನಿ ಕಣ್ರೀ, ನೋಡ್ತಿರಿ ಅನ್ನೋಳು. ಜ್ವರ ಬಂತಲ್ಲ, ಅವತ್ತು ಬೆಳಿಗ್ಗೆ ಆ ಗಾಡೀಲೇ, ಈ ಕಡೆ ಸೀಟಲ್ಲಿ ಮಲಗಿಸ್ಕೊಂಡು ಮೈಸೂರಿಗೆ ಹೊರಟೆ. ಬಿಳಿಕೆರೆ ಹತ್ರ ಕಣ್ಣು ಬಿಟ್ಟು, ವಾಸನೆ ಇನ್ನೂ ಐತೆ ಅಲ್ವಾ ಅಂದ್ಲು. ಐತೆ ಅಂದೆ. ನಿದ್ದೆ ಹೋದ್ಲು ಅನ್ಕೊಂಡೆ ಪವಿ. ಎಚ್ಚರ ಆಗ್ದಿರ್ಲಿ ಅಂತ ಹಂಪಲ್ಲೆಲ್ಲ ನಿಧಾನ ಮಾಡ್ದೆ. ಮೈಸೂರು ತನಕ ಮಾತಾಡ್ಕೊಂಡೇ ಹೋದೆ. ಆಸ್ಪತ್ರೆಯೋರು ಬಾಗಿಲು ತೆಗೆದು, ಯಾವಾಗ್ಲೋ ಹೋಗವ್ರೆ ಅಂದ್ರು."

ಹೊರಗೆ ಕೆರೆಯಲ್ಲಿ ಎಮ್ಮೆಗಳು ಮುಳುಗಿ ಕೂತಿದ್ದವು. ಒಳಗೆ ಗಾಳಿ ಅಲುಗಲಿಲ್ಲ.

"ವಾಸನೆ ಇರೋಗಂಟ ಅವಳಿಗೆ ಟೈಮ್ ಐತೆ ಅನ್ನಿಸ್ತದೆ. ಸೊಪ್ಪು ಬೇಯೋ ಕಾಲ ಬಂದ್ರೆ ಎಷ್ಟು ಮುಚ್ಚಿದ್ರೂ ಹೊಗೆ ಸೇರ್ಕೊಳ್ತದೆ. ಅದಕ್ಕೇ ಮಾರೋದು. ಬೇರೆ ಕಂಪನೀದು ಒಳಗೆ ಕುಂತು ನೋಡ್ದೆ. ಚರ್ಮದ ವಾಸನೆ ಬೇರೆ. ಅದಕ್ಕೇ ಅದೇ ಕಂಪನೀದು."

ಪವಿತ್ರಾಳ ಕಣ್ಣಲ್ಲಿ ನೀರು ತುಂಬಿತು. ಊರೆಲ್ಲ ಸೋಕಿ ಎಂದು ಕರೆದದ್ದು ಇದೇ. ಅವನ ತಲೆಯನ್ನು ಎದೆಗೆ ಒತ್ತಿಕೊಳ್ಳಬೇಕು ಎನ್ನಿಸಿ ಕೈ ಚಾಚಿದಳು. ಚಾಚಿದ ಕೈಯ ಮೇಲೆ ಅಕ್ಕನ ಸೀರೆಯ ಸೆರಗು ಬಿದ್ದಿತ್ತು. ಕೈ ಅಲ್ಲೇ ನಿಂತಿತು.

ಅದೇ ಜಡೆ. ಅದೇ ಮೂಗು. ಅದೇ ಎಣ್ಣೆ. ಅದೇ ಮನೆ.

ಪ್ಲಾಸ್ಟಿಕ್ ಹೊದಿಕೆ ಅವಳ ಕೆಳಗೆ ಚರಗುಟ್ಟಿತು. ತನ್ನನ್ನೂ ಅವನು ಹೀಗೇ ಮನೆಗೆ ಒಯ್ಯುತ್ತಿದ್ದಾನೆ. ನಾಳೆ ತನ್ನ ನಗೆ, ತನ್ನ ಸಿಟ್ಟು, ತನ್ನ ಅಡಿಗೆಯ ಒಗ್ಗರಣೆ ಹೊಗೆಯ ಹಾಗೆ ಒಳಗೆ ಸೇರಿಕೊಂಡು ಅಕ್ಕನ ವಾಸನೆ ಹೋಗಿಬಿಟ್ಟರೆ, ಆಮೇಲೆ? ಕಾರನ್ನಾದರೆ ಮಾರಬಹುದು.

"ಭಾವ, ಒಂದು ಮಾತು ಕೇಳ್ತೀನಿ. ನಿಜ ಹೇಳಿ. ನಾನು ಅಕ್ಕನ ತಂಗಿ ಅಲ್ದೆ ಹೋಗಿದ್ರೆ, ಎಲ್ಲೋ ದೂರದೂರಲ್ಲಿ ಯಾರದ್ದೋ ಮಗಳಾಗಿದ್ರೆ, ನನ್ನ ಮದುವೆ ಆಗ್ತಿದ್ರಾ?"

ಅವನು ಈಗ ಅವಳನ್ನು ನೋಡಿದ. ಸುಳ್ಳು ಹೇಳುವುದು ಅವನಿಗೆ ಸುಲಭವಿತ್ತು, ಆದರೆ ಹೇಳಲಿಲ್ಲ.

"ಯಾವತ್ತೂ ಅಂಗೆ ನೋಡೇ ಇಲ್ಲ ಕಣವ್ವ ನಿನ್ನ."

"ನಾನು ನೋಡಿದೀನಿ ನಿಮ್ಮನ್ನ. ಅಕ್ಕನ್ನ ನೋಡಾಕೆ ಬಂದ್ರಲ್ಲ, ಅವತ್ತಿಂದ." ದನಿ ಒಡೆಯದ ಹಾಗೆ ನಿಧಾನವಾಗಿ ಹೇಳಿದಳು. "ಪಾಪ ಅಂತ ಒಪ್ಪಿದ್ದಲ್ಲ ನಾನು. ಆಸೆಪಟ್ಟು ಒಪ್ಪಿದ್ದು."

ಚಲುವರಾಜು ಏಟು ತಿಂದವನಂತೆ ಕೂತ. ಏನೋ ಹೇಳಲು ಬಾಯಿ ತೆರೆದ, ಅವಳು ತಲೆಯಾಡಿಸಿದಳು.

"ಅಷ್ಟು ಆಸೆ ಇರೋದ್ರಿಂದ್ಲೇ ಆಗಾಕಿಲ್ಲ ಭಾವ. ಆಸೆ ಇಲ್ದೇ ಇದ್ದಿದ್ರೆ ಹೆಂಗೋ ಸಂಸಾರ ಮಾಡ್ತಿದ್ದೆ. ಗಾಡಿ ತಿರುಗಿಸಿ."

"ಪವಿ, ನೀನು ಬ್ಯಾಡ ಅಂದ್ರೆ ಊರು ಸುಮ್ಕಿರಲ್ಲ. ವೀಳ್ಯದ ದಿನ ಒಲ್ಲೆ ಅಂದ ಹುಡುಗಿ ಅಂತ ಬಾಳೆಲ್ಲ ಅಂದಾಡ್ತಾರೆ."

"ಅಂದಾಡ್ಲಿ."

ಅವನು ಗಾಡಿ ತಿರುಗಿಸಿದ. ಭೇರ್ಯದ ಹಂಪಿನ ಹತ್ತಿರ ಜನ ಮತ್ತೆ ಹಲಗೆ ಹಾಸಿದರು. ಒಬ್ಬ ಒಳಗೆ ಇಣುಕಿ ಹಲ್ಲು ಕಿರಿದ. ಪವಿತ್ರಾ ಮುಂದೆ ನೋಡಿಕೊಂಡೇ ಕೂತಿದ್ದಳು. ಅವ್ವನಿಗೆ ಹೇಳುವ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದಳು. ಒಂದೂ ಕೂಡಿ ಬರಲಿಲ್ಲ.

ಚಪ್ಪರದ ಕೆಳಗೆ ನೆಂಟರು ತುಂಬಿದ್ದರು. ತಟ್ಟೆಗಳಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು ಜೋಡಿಸಿಟ್ಟಿತ್ತು. ಅಡಿಗೆಮನೆಯಿಂದ ಸಾರಿನ ಘಮ ಬರುತ್ತಿತ್ತು. ಭದ್ರಮ್ಮ ಆರತಿ ತಟ್ಟೆ ಹಿಡಿದು ಓಡಿಬಂದಳು.

"ಪೂಜೆ ಚೆನ್ನಾಗಾಯ್ತೇನಪ್ಪಾ?"

ಪವಿತ್ರಾ ಒಂದು ಹೆಜ್ಜೆ ಮುಂದೆ ಬಂದಳು. "ಅವ್ವ, ನಾನೊಂದು ಮಾತು..."

"ನಾನು ಹೇಳ್ತೀನಿ," ಚಲುವರಾಜು ಅವಳಿಗಿಂತ ಮುಂದೆ ಬಂದು ನಿಂತ. ದನಿ ಎಲ್ಲರಿಗೂ ಕೇಳುವಷ್ಟು ದೊಡ್ಡದಾಗಿತ್ತು. "ದೇವಸ್ಥಾನದ ತನಕ ಹೋಗಲೇ ಇಲ್ಲ. ನನಗೆ ಈ ಮದುವೆ ಬ್ಯಾಡ. ನಾನೇ ಒಲ್ಲೆ ಅಂತಿದೀನಿ. ಹುಡುಗೀದು ಏನೂ ತಪ್ಪಿಲ್ಲ."

ದೊಡ್ಡತಾಯಮ್ಮ ಎದ್ದಳು.

"ಎಲಾ ದಿಮಾಕೇ. ಗಾಡಿ ಬದಲಾಯಿಸ್ದಂಗೆ ಹೆಣ್ಣು ಬದಲಾಯಿಸೀಯೇನ್ಲಾ? ಎಲೆ ಹಾಕಿದ್ಮೇಲೆ ಒಲ್ಲೆ ಅನ್ನೋಕೆ ನಮ್ಮ ಮಗಳೇನು ಷೋರೂಮಿನಾಗೆ ನಿಲ್ಸಿದ್ದ ಕಾರಾ?"

"ಹಿರಿ ಮಗಳ ಬಾಯಿಗೆ ಮಣ್ಣು ಹಾಕ್ದ, ಈಗ ಇವಳ ಮಾನಕ್ಕೆ," ಅಂದರು ಇನ್ಯಾರೋ. ಮಂಚಯ್ಯ ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಭದ್ರಮ್ಮನ ಕೈಯ ಆರತಿ ತಟ್ಟೆ ಓರೆಯಾಗಿ ಕೆಂಪು ನೀರು ಸೀರೆಯ ಮೇಲೆಲ್ಲ ಸುರಿಯಿತು.

ಸುಳ್ಳು, ಒಲ್ಲೆ ಅಂದದ್ದು ನಾನು ಎಂದು ಪವಿತ್ರಾಳಿಗೆ ಕೂಗಬೇಕೆನ್ನಿಸಿತು. ಅವಳು ಅವನ ಕಡೆ ನೋಡಿದಳು. ಬೈಗುಳದ ನಡುವೆ ನಿಂತ ಅವನೂ ಅವಳನ್ನೇ ನೋಡುತ್ತಿದ್ದ. ಈ ಸಲ ಆ ನೋಟ ಅವಳನ್ನು ದಾಟಿ ಹಿಂದೆ ಯಾರನ್ನೂ ಹುಡುಕಲಿಲ್ಲ. ಬೇಡ ಎಂದು ಕಣ್ಣಿನಲ್ಲೇ ಹೇಳಿದ. ಅಷ್ಟೇ.

ಅವನು ಹೊರಟುಹೋದ. ದೊಡ್ಡತಾಯಮ್ಮ ಬಾಗಿಲ ತನಕ ಶಾಪ ಹಾಕುತ್ತ ಹೋದಳು. ಹೆಂಗಸರು ಪವಿತ್ರಾಳನ್ನು ಸುತ್ತುವರಿದು, ಪಾಪ ಮಗೀದು ಏನು ತಪ್ಪು, ಒಳ್ಳೆ ಕಡೆ ಕೊಟ್ರಾಯ್ತು ಬುಡಿ ಎಂದು ತಲೆ ಸವರಿದರು. ಅವಳು ಬಾಯಿ ಬಿಡಲಿಲ್ಲ. ಆ ಶಾಪ, ಆ ಅಪವಾದ, ಎರಡೂ ಊರು ಇನ್ನು ಅವನ ಬೆನ್ನಿಗೆ ಕಟ್ಟಲಿರುವ ಕೆಟ್ಟ ಹೆಸರು, ಎಲ್ಲ ಅವನು ಹೊತ್ತುಕೊಂಡದ್ದು ಅವಳಿಗಾಗಿ. ಅಕ್ಕನಿಗೆ ಕೊಟ್ಟು ಉಳಿದದ್ದಲ್ಲ ಅದು. ಪವಿತ್ರಾಳಿಗೆಂದೇ ಕೊಟ್ಟದ್ದು.

ಹಾಗಾಗಿ ಅದನ್ನು ಅವಳು ಬೇಡ ಅನ್ನಲಿಲ್ಲ.